ನೀರು ಫಳಫಳ, ಮೀನು ಗೋವಿಂದ

ಬೆಂಗಳೂರಿನಲ್ಲಿ ಮನೆಗಳಿಗೆ ಹೋಗಿ ದೊಡ್ಡ ಅಕ್ವೇರಿಯಂಗಳ ನೀರು ಬದಲಿಸೋದು ನನ್ನ ಕೆಲಸ. ಶುರು ಮಾಡಿ ಹನ್ನೊಂದು ವರ್ಷವಾಯಿತು. ಮೊದಲ ವರ್ಷ ನಾನು ಒಂದೇ ಮಧ್ಯಾಹ್ನದಲ್ಲಿ ಏಳು ಮೀನು ಕೊಂದೆ. ಅದೂ ಬಹಳ ಶ್ರದ್ಧೆಯಿಂದ ಕೆಲಸ ಮಾಡಿ.

ಒಂದು ಅಪಾರ್ಟ್‌ಮೆಂಟ್‌. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್. ಮೂರನ್ನೂ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಇಲ್ಲಿ ಸುಮಾರು 670. ಕಲ್ಲು, ಮರದ ದಿಮ್ಮಿ, ಮೇಲಿನ ಖಾಲಿ ಜಾಗ ಕಳೆದರೆ 600 ಲೀಟರ್ ಅಂತಿಟ್ಟುಕೊಳ್ಳಿ. ಒಳಗೆ ಎರಡು ಆಸ್ಕರ್, ನಾಲ್ಕು ಪ್ಯಾರಟ್, ಒಂದು ಸಿಲ್ವರ್ ಅರೋವಾನಾ, ತಳದಲ್ಲಿ ಒಂದು ಸಕ್ಕರ್. (ಅರೋವಾನಾಗೆ ಆ ಟ್ಯಾಂಕ್ ಚಿಕ್ಕದು. ಯಾರೂ ಕೇಳೋದಿಲ್ಲ ಬಿಡಿ.)

ದೀಪಾವಳಿಗೆ ನೆಂಟರು ಬರುತ್ತಾರೆ, ಟ್ಯಾಂಕ್ ಕ್ಲೀನ್ ಆಗಬೇಕು ಅಂತ ಫೋನ್ ಬಂದಿತ್ತು. ಎಂಟು ತಿಂಗಳಿಂದ ಯಾರೂ ಕೈ ಹಾಕಿರಲಿಲ್ಲ. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆದರೆ ಮೀನುಗಳು ಆರಾಮಾಗಿದ್ದವು, ಚೆನ್ನಾಗಿ ತಿನ್ನುತ್ತಿದ್ದವು. ಆವಿಯಾಗಿ ಕಡಿಮೆಯಾದ ನೀರನ್ನು ಮಾತ್ರ ಮನೆಯವರು ತುಂಬುತ್ತಿದ್ದರಂತೆ. "ಬೋರ್ ನೀರಲ್ಲ, ನಾವು ಕುಡಿಯೋ ಆರ್‌ಒ ನೀರೇ ಹಾಕೋದು" ಅಂತ ಮನೆಯ ಮೇಡಂ ಹೆಮ್ಮೆಯಿಂದ ಹೇಳಿದರು. ನನಗೂ ಒಳ್ಳೇದೇ ಅನ್ನಿಸಿತು.

ಪೈಪ್ ಬಿಟ್ಟು ಐದರಲ್ಲಿ ನಾಲ್ಕು ಪಾಲು ನೀರು ಹೊರಗೆ ತೆಗೆದೆ. ಕಲ್ಲಿನ ನಡುವಿನ ಕೊಳೆ ಎಳೆದೆ. ಗಾಜು ಉಜ್ಜಿದೆ. ನಲ್ಲಿಯ ಬೋರ್ ನೀರು ತುಂಬಿ ಆಂಟಿ ಕ್ಲೋರಿನ್ ಹಾಕಿದೆ. ಮೂರು ಗಂಟೆ ಕೆಲಸ. ನೀರು ಫಳಫಳ ಅನ್ನುತ್ತಿತ್ತು. ಮೇಡಂ ಫೋಟೋ ತೆಗೆದರು, ಕೈಗೆ 200 ರೂಪಾಯಿ ಟಿಪ್ಸ್ ಕೊಟ್ಟರು. ರಾತ್ರಿ ಒಂಬತ್ತಕ್ಕೆ ಅವರದೇ ಫೋನ್. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ ಅಂತ. ಬೆಳಗ್ಗೆ ಹೋಗಿ ನೋಡಿದರೆ ಸಕ್ಕರ್ ಒಂದೇ ಉಳಿದಿತ್ತು.

ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಓನರ್ ಜೊತೆಗೇ ಬಂದಿದ್ದರು. ನನಗೆ ಬೈಯಲಿಲ್ಲ. ಗಿಡಕ್ಕೆ ಅಂತ ಮನೆಯವರು ಬಾಲ್ಕನಿಯಲ್ಲಿ ಒಂದು ಬಕೆಟ್ ಹಳೇ ನೀರು ಇಟ್ಟಿದ್ದರು. ಅದರಿಂದ ಒಂದು ಟ್ಯೂಬ್, ನಲ್ಲಿಯಿಂದ ಒಂದು ಟ್ಯೂಬ್ ತುಂಬಿ ಓನರ್ ಪಿಎಚ್ ಡ್ರಾಪ್ಸ್ ಹಾಕಿದರು. (ಪಿಎಚ್ ಅಂದರೆ ನೀರು ಎಷ್ಟು ಆಮ್ಲ ಅಂತ ಹೇಳೋ ಅಂಕ. ಅಂಕ ಇಳಿದಷ್ಟೂ ಆಮ್ಲ ಜಾಸ್ತಿ.) ಹಳೇದು ಹಳದಿ ಆಯಿತು, ನಲ್ಲಿಯದು ನೀಲಿ. ಒಂದು 6ರ ಹತ್ತಿರ, ಇನ್ನೊಂದು 8ರ ಹತ್ತಿರ.

ಅವತ್ತು ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಮೀನು ಉಸಿರಾಡಿದರೂ ತಿಂದರೂ ಅಮೋನಿಯಾ ಬರುತ್ತದೆ. ಫಿಲ್ಟರ್‌ನಲ್ಲಿರೋ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟ್ ಅದನ್ನು ತಡೆಯುತ್ತಾ ತಾನೇ ಖರ್ಚಾಗುತ್ತದೆ. ಬೋರ್ ನೀರಿನಲ್ಲಿ ಅದು ಬೇಕಾದಷ್ಟಿರುತ್ತದೆ, ಆರ್‌ಒ ನೀರಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮೇಡಂ ಪ್ರೀತಿಯಿಂದ ಹಾಕಿದ ಕುಡಿಯೋ ನೀರು ಖರ್ಚಾದದ್ದನ್ನು ತುಂಬಲೇ ಇಲ್ಲ. ಪಿಎಚ್ ಇಳಿಯುತ್ತಾ ಹೋಯಿತು. 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾಗಳ ಕೆಲಸವೂ ಬಹುಪಾಲು ನಿಂತಿತು. ಅಮೋನಿಯಾ ಕೂಡುತ್ತಾ ಹೋಯಿತು.

ಹಾಗಾದರೆ ನಾನು ಕೈ ಹಾಕೋ ಮೊದಲೇ ಮೀನು ಯಾಕೆ ಸಾಯಲಿಲ್ಲ? ಆಮ್ಲದ ನೀರಿನಲ್ಲಿ ಅದು ಹೆಚ್ಚುಕಡಿಮೆ ಎಲ್ಲಾ ಅಮೋನಿಯಂ ರೂಪದಲ್ಲಿ ಇರುತ್ತದೆ, ಮೀನಿಗೆ ಅಷ್ಟಾಗಿ ತಾಗೋದಿಲ್ಲ. ಪಿಎಚ್ ಒಂದು ಅಂಕ ಏರಿದರೆ ವಿಷದ ಅಮೋನಿಯಾ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಎರಡು ಅಂಕಕ್ಕೆ ನೂರು ಪಟ್ಟು. ನಾನು ನೀಲಿ ನೀರು ಸುರಿದು ಒಂದೇ ಮಧ್ಯಾಹ್ನ ಎರಡು ಅಂಕ ಏರಿಸಿದ್ದೆ.

"ನಾಲ್ಕು ಪಾಲು ಹೊರಗೆ ಹಾಕಿದೆನಲ್ಲ ಸರ್, ಕೊಳೆಯೂ ಹೋಗಲಿಲ್ವಾ?" ಅಂದೆ.

"ಹೋಯ್ತು. ಐದನೇ ಒಂದು ಪಾಲು ಉಳೀತು. ಅದನ್ನ ನೂರು ಪಟ್ಟು ಮಾಡಿದೆ. ಲೆಕ್ಕ ಹಾಕು."

ಇಪ್ಪತ್ತು ಪಟ್ಟು. ಆ ಲೆಕ್ಕ ನನಗೆ ಇವತ್ತೂ ಮರೆತಿಲ್ಲ.

ಈಗ ಹೊಸ ಮನೆಗೆ ಹೋದರೆ ಪೈಪ್ ಗಾಡಿಯಲ್ಲೇ ಇರುತ್ತದೆ. ಮೊದಲು ಎರಡು ಟ್ಯೂಬ್, ಒಂದು ಟ್ಯಾಂಕಿನದು, ಒಂದು ನಲ್ಲಿಯದು. ಬಣ್ಣ ಒಂದೇ ಥರ ಬಂದರೆ ಕಾಲು ಭಾಗ ಬದಲಿಸುತ್ತೇನೆ. ಬೇರೆ ಬೇರೆ ಬಂದರೆ ಅಮೋನಿಯಾ ಟೆಸ್ಟ್ ಮಾಡಿ, ದಿನಕ್ಕೆ ಹತ್ತನೇ ಒಂದು ಭಾಗದಂತೆ ಎರಡು ವಾರ. ಗಿರಾಕಿಗಳಿಗೆ ಇದು ಹಿಡಿಸೋದಿಲ್ಲ. "ಪೂರ್ತಿ ಖಾಲಿ ಮಾಡಿ ತೊಳೀರಿ, ದುಡ್ಡು ಕೊಡ್ತೀವಲ್ಲ" ಅನ್ನುತ್ತಾರೆ. ಪೂರ್ತಿ ಖಾಲಿ ಮಾಡಲ್ಲ ಅಂದಿದ್ದಕ್ಕೆ ನಾಲ್ಕೈದು ಮನೆ ಕಳೆದುಕೊಂಡಿದ್ದೇನೆ. ಪರವಾಗಿಲ್ಲ.

ಕಾಲು ಭಾಗ ಸಾಕಾ ಅಂತ ಕೇಳುವವರಿಗೆ ಒಂದು ಲೆಕ್ಕ. ವಾರಕ್ಕೆ ನೈಟ್ರೇಟ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಏರುವ ಟ್ಯಾಂಕ್ ಅಂದುಕೊಳ್ಳಿ. ಪ್ರತಿ ವಾರ ಕಾಲು ಭಾಗ ಬದಲಿಸಿದರೆ ಅದು ನಿಧಾನಕ್ಕೆ 40ಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಅರ್ಧ ಬದಲಿಸಿದರೆ 20ಕ್ಕೆ. ತಪ್ಪಿಸದೆ ಮಾಡಬೇಕು, ಅಷ್ಟೇ. ಎಂಟು ತಿಂಗಳಿಗೊಮ್ಮೆ ಮಾಡೋ ದೊಡ್ಡ ಸ್ನಾನದಿಂದ ಇದು ಸಿಗೋದಿಲ್ಲ.

ಇನ್ನು ನಲ್ಲಿ ನೀರು. ಬೆಂಗಳೂರಿನಲ್ಲಿ ಒಂದೇ ನಲ್ಲಿಯಲ್ಲಿ ಸೋಮವಾರ ಕಾವೇರಿ, ಬುಧವಾರ ಬೋರ್, ಶನಿವಾರ ಟ್ಯಾಂಕರ್ ಬರಬಹುದು. ಕಾವೇರಿ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕ್ಲೋರಿನ್ ಹಾಕಿಸಿಕೊಂಡು ಬರುತ್ತದೆ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಒಳ್ಳೇದು, ಮೀನಿನ ಕಿವಿರಿಗೆ ಅಲ್ಲ. ಅದಕ್ಕೇ ಆಂಟಿ ಕ್ಲೋರಿನ್, ಅಂದರೆ ಸೋಡಿಯಂ ಥಯೋಸಲ್ಫೇಟ್. ಹಿಂದೆ ಸ್ಟುಡಿಯೋದವರು ಫೋಟೋ ತೊಳೆಯುವಾಗ ಹೈಪೋ ಅಂತ ಬಳಸುತ್ತಿದ್ದದ್ದು ಇದೇ.

ಒಂದು ಸಲ ಏಳನೇ ಮಹಡಿಯ ಮನೆಯಲ್ಲಿ ನಲ್ಲಿ ಬಿಟ್ಟ ಕೂಡಲೇ ಈಜುಕೊಳದ ವಾಸನೆ. ಕ್ಲೋರಿನ್ ಡ್ರಾಪ್ಸ್ ಹಾಕಿದೆ. ಮಾಮೂಲಿ ತಿಳಿ ಹಳದಿ ಬರಬೇಕು, ಕಿತ್ತಳೆ ಬಣ್ಣ ಬಂತು. ಕೆಳಗೆ ಹೋಗಿ ಪ್ಲಂಬರ್ ಅಣ್ಣನನ್ನು ಕೇಳಿದೆ. "ನಿನ್ನೆ ಓವರ್‌ಹೆಡ್ ಟ್ಯಾಂಕ್ ತೊಳೆದ್ವಿ, ಬ್ಲೀಚಿಂಗ್ ಪೌಡರ್ ಜಾಸ್ತಿ ಆಯ್ತೇನೋ" ಅಂದ. ಅವತ್ತು ನೀರು ಬದಲಿಸದೆ ಟೀ ಕುಡಿದು ವಾಪಸ್ ಬಂದೆ. ಅಂದಿನಿಂದ ಮನೆಯವರಿಗಿಂತ ಮೊದಲು ಪ್ಲಂಬರ್‌ಗೋ ವಾಚ್‌ಮ್ಯಾನ್‌ಗೋ ಫೋನ್ ಮಾಡುತ್ತೇನೆ. ಕಟ್ಟಡದ ನೀರಿನ ಸುದ್ದಿ ಗೊತ್ತಿರೋದು ಅವರಿಗೆ.

ಸಣ್ಣಪುಟ್ಟ ಎಡವಟ್ಟುಗಳು ಬೇಕಾದಷ್ಟಿವೆ. ಹೀಟರ್ ಆಫ್ ಮಾಡದೆ ನೀರು ಇಳಿಸಿದರೆ ಅದರ ಗಾಜು ಟಪ್ ಅಂತ ಸೀಳುತ್ತದೆ. ಅರೋವಾನಾ ಇದ್ದರೆ ಮುಚ್ಚಳ ಪೂರ್ತಿ ತೆಗೆಯಬಾರದು, ಎಗರುತ್ತದೆ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಬಾರದು, ಹೊರತೆಗೆದ ಹಳೇ ನೀರಲ್ಲೇ ಹಿಂಡಬೇಕು. ಮತ್ತೆ 'ಸಂಪ್' ಅನ್ನೋ ಪದ! ನಮಗೆ ಟ್ಯಾಂಕ್ ಕೆಳಗಿನ ಫಿಲ್ಟರ್ ಡಬ್ಬಿ, ಮನೆಯವರಿಗೆ ಗೇಟ್ ಹತ್ತಿರ ನೆಲದೊಳಗಿರೋ ತೊಟ್ಟಿ. "ಸಂಪ್ ಖಾಲಿ ಮಾಡ್ಬೇಕು ಸರ್" ಅಂದಿದ್ದಕ್ಕೆ ಒಬ್ಬರು ಗಾಬರಿಯಾಗಿ ಮೋಟರ್ ಆಫ್ ಮಾಡಿಸಿದ್ದರು.

2024ರ ಮಾರ್ಚ್ ಮರೆಯೋ ಹಾಗಿಲ್ಲ. ನೀರಿಗೆ ಹಾಹಾಕಾರ. ಕುಡಿಯೋ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅಕ್ಕಪಕ್ಕದವರು ಬಕೆಟ್ ಹಿಡಿದು ನಿಂತಿರುವಾಗ ಮೀನಿಗೆ 150 ಲೀಟರ್ ಅಂದರೆ ಮುಖಕ್ಕೆ ಹೊಡೆದ ಹಾಗೆ. ಎಲ್ಲಾ ಗಿರಾಕಿಗಳಿಗೂ ಮೀನಿನ ಊಟ ಅರ್ಧಕ್ಕೆ ಇಳಿಸಿ ಅಂದೆ. ಊಟ ಇಳಿದರೆ ಕೊಳೆ ಇಳಿಯುತ್ತದೆ, ವಾರದ ಕೆಲಸ ಎರಡು ವಾರಕ್ಕೆ ನಡೆಯುತ್ತದೆ. ಒಂದು ಮೀನೂ ಹಸಿವಿನಿಂದ ಸಾಯಲಿಲ್ಲ. ನಾವು ಮೊದಲಿಂದಲೂ ಜಾಸ್ತಿಯೇ ಹಾಕುತ್ತಿದ್ದೆವು ಅಂತ ಆಗ ಗೊತ್ತಾಯಿತು. ತಮಾಷೆ ಅಂದರೆ, ನಾನು ಹೊರಗೆ ತೆಗೆಯೋ ಕೊಳೆ ನೀರಿಗೆ ಬೇಡಿಕೆ ಬಂತು. ನೈಟ್ರೇಟ್ ಇರೋ ನೀರು, ಗಿಡಕ್ಕೆ ಗೊಬ್ಬರ. ಮೇಲಿನ ಮನೆ ಆಂಟಿ ನನ್ನ ಬೈಕ್ ಸದ್ದು ಕೇಳಿದರೆ ಕೊಡ ತಂದು ಬಾಗಿಲಲ್ಲಿ ಇಡುತ್ತಿದ್ದರು.

ಆ ಮೊದಲ ಮನೆಗೆ ಈಗಲೂ ಹೋಗುತ್ತೇನೆ, ಹದಿನೈದು ದಿನಕ್ಕೊಮ್ಮೆ. ಟ್ಯಾಂಕ್ ಅದೇ. ಬೇರೆ ಮೀನುಗಳು ಬಂದವು, ಹೋದವು. ಸಕ್ಕರ್ ಮಾತ್ರ ಅದೇ ಹಳೇದು, ಈಗ ಒಂದೂವರೆ ಅಡಿ ಆಗಿದೆ. ನಾನು ಮುಚ್ಚಳ ಎತ್ತಿದ ಕೂಡಲೇ ದಿಮ್ಮಿಯ ಹಿಂದೆ ಹೋಗಿ ಕೂರುತ್ತದೆ. "ನಿಮ್ಮನ್ನ ಕಂಡ್ರೆ ಮಾತ್ರ ಹೀಗೆ" ಅನ್ನುತ್ತಾರೆ ಮೇಡಂ.