ಬಾದಾಮಿಯಿಂದ ವಿಜಯಪುರಕ್ಕೆ: ಲಾಡ್ಜಿನ ಕೌಂಟರ್ ಮುಂದೆ ಹೊತ್ತು ಹಾಳಾಗದಂತೆ

ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ನೋಡಿಕೊಂಡು, ಆಲಮಟ್ಟಿ ದಾಟಿ ವಿಜಯಪುರದಲ್ಲಿ ಗೋಳಗುಮ್ಮಟ ಹತ್ತಿ ಬರಲು ಮೂರು ಹಗಲು, ಎರಡು ರಾತ್ರಿ ಸಾಕು. ದಾರಿ ಕಷ್ಟದ್ದಲ್ಲ, ರೊಟ್ಟಿ ಊಟಕ್ಕೂ ಕೊರತೆಯಿಲ್ಲ. ಈ ಪ್ರವಾಸ ಕೆಡುವುದು ಹೆಚ್ಚಾಗಿ ಒಂದೇ ಕಡೆ, ಕಡಿಮೆ ಬಾಡಿಗೆಯ ಲಾಡ್ಜಿನ ಕೌಂಟರಿನಲ್ಲಿ. ಬುಕಿಂಗ್ ಆ್ಯಪ್ ಏನೇ ಹೇಳಲಿ, ಇಲ್ಲಿ ನಡೆಯುವುದು ಕೌಂಟರಿನಲ್ಲಿ ಕೂತವರ ಲೆಕ್ಕ. ಆ ಲೆಕ್ಕ ಗೊತ್ತಿದ್ದು, ಹಿಂದಿನ ದಿನ ಒಂದು ಫೋನ್ ಮಾಡಿದರೆ ಮುಕ್ಕಾಲು ತಕರಾರು ಹುಟ್ಟುವುದೇ ಇಲ್ಲ.

ಮೊದಲ ತಕರಾರು ಹೊತ್ತಿನದು. ಬೆಂಗಳೂರಿನ ಕಡೆಯಿಂದ ಬರುವವರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲೋ ರಾತ್ರಿ ಬಸ್ಸಿನಲ್ಲೋ ಬಂದು ಸರಿಯಾಗಿ ಬೆಳಕು ಹರಿಯುವ ಮೊದಲೇ ಬಾದಾಮಿಯಲ್ಲಿ ಇಳಿಯುತ್ತಾರೆ. ರೈಲ್ವೆ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ, ಲಾಡ್ಜುಗಳಿರುವುದು ಬಸ್‌ಸ್ಟ್ಯಾಂಡ್ ಸುತ್ತ. ಆ ಹೊತ್ತಿಗೆ ಆಟೊ ಹಿಡಿದು ಬಂದು ಬಾಗಿಲು ಬಡಿದರೆ ಚಾಪೆ ಮೇಲೆ ಮಲಗಿದ್ದ ಹುಡುಗ ಎದ್ದು ಬರುತ್ತಾನೆ. ಅವನಿಗೆ ನಿಮ್ಮ ಬುಕಿಂಗ್ ವಿಷಯ ಗೊತ್ತಿರುವುದಿಲ್ಲ. ಮಾಲೀಕರೋ ಮ್ಯಾನೇಜರೋ ಬರುವುದು ಎಂಟರ ಮೇಲೆ.

ಈ ಭಾಗದಲ್ಲಿ ಎರಡು ಪದ್ಧತಿಗಳಿವೆ. ಒಂದು ಇಪ್ಪತ್ತನಾಲ್ಕು ತಾಸಿನದು: ಬೆಳಗಿನ ಐದೂವರೆಗೆ ಕೀಲಿ ತಗೊಂಡರೆ ಮರುದಿನ ಐದೂವರೆಗೆ ಬಿಡಬೇಕು. ಇನ್ನೊಂದು ಹನ್ನೆರಡರಿಂದ ಹನ್ನೆರಡು: ನೀವು ಎಷ್ಟೊತ್ತಿಗೇ ಬನ್ನಿ, ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯಿತು. ಎರಡನೆಯದರಲ್ಲಿ ಐದೂವರೆಗೆ ಒಳಹೊಕ್ಕರೆ ಆರೂವರೆ ತಾಸಿಗೇ ಒಂದು ದಿನದ ಬಾಡಿಗೆ, ರಾತ್ರಿ ಉಳಿದರೆ ಇನ್ನೊಂದು ದಿನದ್ದು. ಆ್ಯಪಿನಲ್ಲಿ ‘ಚೆಕ್‌ಇನ್ 12’ ಎಂದು ಬರೆದದ್ದನ್ನು ಓದದೆ ಬಂದವರು ಇಲ್ಲೇ ಸಿಕ್ಕಿಕೊಳ್ಳುವುದು. ಲಾಡ್ಜಿನವರ ತಪ್ಪು ಅಂತಲೂ ಹೇಳಲಾಗದು. ಹಿಂದಿನ ರಾತ್ರಿಯವರು ಆ ರೂಂ ಇನ್ನೂ ಬಿಟ್ಟಿರುವುದಿಲ್ಲ.

ಒಳ್ಳೆಯ ದಾರಿ ಬೇರೆ ಇದೆ. ಇಳಿದ ಕೂಡಲೇ ರೂಂ ತಗೊಳ್ಳಬೇಡಿ. ಬ್ಯಾಗನ್ನು ಕೌಂಟರಿನಲ್ಲಿಟ್ಟು ಮುಖ ತೊಳೆದು, ಚಹಾ ಕುಡಿದು, ಅಗಸ್ತ್ಯ ತೀರ್ಥದ ಸುತ್ತ ಅಡ್ಡಾಡಿ, ಬಿಸಿಲೇರುವ ಮೊದಲೇ ಗುಹೆಗಳನ್ನು ಮುಗಿಸಿ. ಹತ್ತು ಹನ್ನೊಂದಕ್ಕೆ ಬಂದು ಕೀಲಿ ತಗೊಂಡರೆ ಇಪ್ಪತ್ತನಾಲ್ಕು ತಾಸಿನ ಲಾಡ್ಜಿನಲ್ಲಿ ಮರುದಿನ ಅಷ್ಟೊತ್ತಿನವರೆಗೂ ರೂಂ ನಿಮ್ಮದು. ಸ್ನಾನ ಆಗಲೇಬೇಕೆಂದರೆ ‘ಫ್ರೆಶ್ ಆಗೋಕೆ ಎರಡು ತಾಸು ರೂಂ ಕೊಡ್ತೀರೇನ್ರಿ’ ಎಂದು ಕೇಳಿ. ಖಾಲಿ ಇದ್ದರೆ ಕಡಿಮೆ ದುಡ್ಡಿಗೆ ಕೊಡುವವರಿದ್ದಾರೆ. ರಿಜಿಸ್ಟರಿನಲ್ಲಿ ಬರೆದ ಹೊತ್ತೇ ಕೊನೆಗೆ ಲೆಕ್ಕಕ್ಕೆ ಬರುವುದು, ಆದ್ದರಿಂದ ಸಹಿ ಹಾಕುವ ಮುನ್ನ ಆ ಕಾಲಂ ನೋಡಿ. ಬಂದ ಹೊತ್ತನ್ನಲ್ಲ, ಕೀಲಿ ಕೈಗೆ ಬಂದ ಹೊತ್ತನ್ನು ಬರೆಸಿ.

ಇನ್ನು ಆ್ಯಪ್ ಬುಕಿಂಗ್. ದುಡ್ಡು ಕಟ್ಟಿ, ಕನ್ಫರ್ಮ್ ಮೆಸೇಜ್ ಹಿಡಿದು ಬಂದರೂ ‘ನಮ್ಮ ಕಡೆ ಬುಕಿಂಗ್ ಬಂದಿಲ್ರೀ ಸರ’ ಎಂಬ ಮಾತು ಕೇಳಬೇಕಾಗುತ್ತದೆ. ಎಲ್ಲ ಸಲವೂ ಅದು ಸುಳ್ಳಲ್ಲ. ಹತ್ತು ಹನ್ನೆರಡು ರೂಮಿನ ಲಾಡ್ಜು ಮೂರ್ನಾಲ್ಕು ಆ್ಯಪಿನಲ್ಲಿ ಹೆಸರು ಹಾಕಿರುತ್ತದೆ, ಕೌಂಟರಿನಲ್ಲೂ ರೂಂ ಕೊಡುತ್ತಿರುತ್ತದೆ. ಒಂದು ಕಡೆ ತುಂಬಿದ್ದನ್ನು ಇನ್ನೊಂದು ಕಡೆ ಮುಚ್ಚುವ ಕೆಲಸ ಮಾಲೀಕರ ಮೊಬೈಲಿನಲ್ಲಿ ಕೈಯಿಂದಲೇ ಆಗಬೇಕು. ಅವರು ಮದುವೆಗೆ ಹೋಗಿದ್ದರೆ ಅಲ್ಲಿಗೆ ಮುಗಿಯಿತು. ಆ್ಯಪಿನ ಜೊತೆ ವ್ಯವಹಾರ ಬಿಟ್ಟ ಮೇಲೂ ಲಾಡ್ಜಿನ ಹೆಸರು ಅಲ್ಲೇ ಉಳಿದಿರುವುದು ಇನ್ನೊಂದು ಕಾರಣ. ಮೂರನೆಯದು ಕಮಿಷನ್: ‘ಅದನ್ನ ಕ್ಯಾನ್ಸಲ್ ಮಾಡ್ರಿ, ಅದೇ ರೇಟಿಗೆ ಕ್ಯಾಶ್ ತಗೊಂಡು ರೂಂ ಕೊಡ್ತೀವಿ.’

ಈ ಕೊನೆಯ ಮಾತಿಗೆ ಒಪ್ಪಬೇಡಿ. ಚೆಕ್‌ಇನ್ ದಿನ ನೀವಾಗಿಯೇ ಕ್ಯಾನ್ಸಲ್ ಒತ್ತಿದರೆ ಆ್ಯಪಿನ ಲೆಕ್ಕದಲ್ಲಿ ಅದು ಗಿರಾಕಿಯ ತೀರ್ಮಾನ. ಕಟ್ಟಿದ ದುಡ್ಡು ಬಹುತೇಕ ಹೋದಂತೆಯೇ. ಸುಮ್ಮನೆ ಎದ್ದು ಬೇರೆ ಲಾಡ್ಜಿಗೆ ಹೋದರೂ ಕಷ್ಟ, ‘ಗಿರಾಕಿ ಬರಲೇ ಇಲ್ಲ’ ಎಂದು ದಾಖಲಾಗುತ್ತದೆ. ಕೌಂಟರಿನ ಮುಂದೆ ನಿಂತೇ ಆ್ಯಪಿನ ಸಹಾಯವಾಣಿಗೆ ಫೋನ್ ಮಾಡಿ, ‘ಲಾಡ್ಜಿನವರು ಚೆಕ್‌ಇನ್ ನಿರಾಕರಿಸಿದ್ದಾರೆ’ ಎಂದು ಹೇಳಿ, ಅವರೇ ಲಾಡ್ಜಿನವರ ಜೊತೆ ಮಾತಾಡಲಿ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಲಾಡ್ಜಿನ ಬೋರ್ಡ್ ಕಾಣುವಂತೆ ಒಂದು ಫೋಟೊ, ಚಾಟಿನ ಸ್ಕ್ರೀನ್‌ಶಾಟ್, ಬೇರೆ ಕಡೆ ತಂಗಿದ ಬಿಲ್ಲು, ಇವಿಷ್ಟು ಕೈಯಲ್ಲಿರಲಿ. ದುಡ್ಡು ವಾಪಸ್ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಅಷ್ಟು ದೂರ ಹೋಗದಿರಲು ಹಿಂದಿನ ದಿನ ಸಂಜೆ ಲಾಡ್ಜಿಗೇ ಫೋನ್ ಮಾಡಿ. ಬುಕಿಂಗ್ ನಂಬರ್ ಹೇಳಿ, ನಿಮ್ಮ ಹೆಸರು ಅವರ ಪಟ್ಟಿಯಲ್ಲಿದೆಯೇ, ಎಷ್ಟೊತ್ತಿಗೆ ರೂಂ ಸಿಗುತ್ತದೆ, ಯಾವ ಲೆಕ್ಕದ ಚೆಕ್‌ಔಟ್, ಬೆಳಗಿನ ಜಾವ ಕೌಂಟರಿನಲ್ಲಿ ಯಾರಿರುತ್ತಾರೆ ಎಂದು ಕೇಳಿ. ಆಮೇಲೆ ಅದೇ ಮಾತನ್ನು ವಾಟ್ಸ್‌ಆ್ಯಪಿನಲ್ಲಿ ಹಾಕಿ ‘ಸರಿ’ ಅಂತ ಉತ್ತರ ತರಿಸಿಕೊಳ್ಳಿ. ರಾತ್ರಿಯ ಹುಡುಗನಿಗೆ ತೋರಿಸಲು ಅದಕ್ಕಿಂತ ಗಟ್ಟಿ ಕಾಗದ ಇಲ್ಲ. ನೆಟ್ಟಿನಲ್ಲಿ ಸಿಕ್ಕ ನಂಬರಿಗೆ ಮಾತ್ರ ಪೂರ್ತಿ ಬಾಡಿಗೆ ಮುಂಗಡ ಕಳಿಸಬೇಡಿ. ಲಾಡ್ಜು, ಯಾತ್ರಿನಿವಾಸಗಳ ಹೆಸರಿನಲ್ಲಿ ನಕಲಿ ನಂಬರ್ ಹಾಕಿ ದುಡ್ಡು ಹೊಡೆಯುವವರಿದ್ದಾರೆ. ಯುಪಿಐನಲ್ಲಿ ಬರುವ ಹೆಸರಿಗೂ ಲಾಡ್ಜಿಗೂ ಸಂಬಂಧವೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ಬುಕ್ ಮಾಡುವಾಗಲೇ ಆಗುವ ಇನ್ನೊಂದು ಎಡವಟ್ಟು ಊರಿನ ಹೆಸರಿನದು. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಗಿದೆ. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ, ಛತ್ತೀಸಗಡದಲ್ಲೊಂದು ಬಿಜಾಪುರವಿದೆ. ಹೆಸರು ಹಾಕಿ ಹುಡುಕಿದರೆ ಮೂರೂ ಬರಬಹುದು; ನಕಾಶೆಯಲ್ಲಿ ಗೋಳಗುಮ್ಮಟ ಹತ್ತಿರ ಕಾಣದಿದ್ದರೆ ದುಡ್ಡು ಕಟ್ಟಬೇಡಿ. ಬಾಗಲಕೋಟೆಯಲ್ಲಿ ತಂಗುವವರಿಗೂ ಇದೇ ಎಚ್ಚರ ಬೇಕು. ಆಲಮಟ್ಟಿ ಹಿನ್ನೀರಿನಿಂದಾಗಿ ಹುಟ್ಟಿದ ನವನಗರ ಒಂದು ಕಡೆ, ಹಳೇ ಊರು ಇನ್ನೊಂದು ಕಡೆ. ‘ಬಸ್‌ಸ್ಟ್ಯಾಂಡ್ ಹತ್ತಿರ’ ಎಂದಿದ್ದರೆ ಯಾವ ಬಸ್‌ಸ್ಟ್ಯಾಂಡ್ ಎಂದು ಕೇಳಿ.

ಗುರುತಿನ ಚೀಟಿ ವಿಷಯದಲ್ಲಿ ಹೊರಗಿನವರಿಗಿಂತ ಹೆಚ್ಚು ಪೇಚಿಗೆ ಬೀಳುವವರು ಇದೇ ಜಿಲ್ಲೆಯವರು. ಆಧಾರ್ ವಿಳಾಸ ಬಾಗಲಕೋಟೆಯದೋ ವಿಜಯಪುರದ್ದೋ ಆಗಿದ್ದರೆ ‘ಲೋಕಲ್ ಐಡಿ ನಡಿಯಂಗಿಲ್ರೀ’ ಎನ್ನುವ ಲಾಡ್ಜುಗಳಿವೆ. ಕಾನೂನಿನಲ್ಲಿ ಅಂಥ ನಿಷೇಧವಿಲ್ಲ. ಪೊಲೀಸ್ ತಪಾಸಣೆಯ ರಗಳೆ ಬೇಡವೆಂದು ಮಾಲೀಕರೇ ಮಾಡಿಕೊಂಡ ನಿಯಮ. ಮದುವೆಯಾಗದ ಜೋಡಿಗೆ ರೂಂ ಕೊಡದಿರುವುದೂ ಹಾಗೆಯೇ. ರಾತ್ರಿ ಹತ್ತಕ್ಕೆ ಕೌಂಟರಿನಲ್ಲಿ ಕಾನೂನು ವಾದಿಸಿ ರೂಂ ಪಡೆದವರು ಕಡಿಮೆ, ಆದ್ದರಿಂದ ಇದನ್ನೂ ಫೋನಿನಲ್ಲೇ ಕೇಳಿಬಿಡಿ. ಆ್ಯಪಿನಲ್ಲಿ ಲಾಡ್ಜಿನ ನಿಯಮಗಳ ಕೆಳಗೆ ಲೋಕಲ್ ಐಡಿ ನಡೆಯುತ್ತದೋ ಇಲ್ಲವೋ ಎಂದು ಬರೆದಿರುವುದುಂಟು. ‘ನಡೆಯುತ್ತದೆ’ ಎಂದು ಬರೆದೂ ಒಳಬಿಡದಿದ್ದರೆ ಆಗ ನಿಮ್ಮ ದೂರಿಗೆ ಬಲ ಬರುತ್ತದೆ.

ರೂಮಿನಲ್ಲಿ ಉಳಿಯುವ ದೊಡ್ಡವರೆಲ್ಲರ ಚೀಟಿ ಬೇಕು, ಒಬ್ಬರದು ಸಾಲದು. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲ, ಹಾಗಾಗಿ ನಡೆಯುವುದಿಲ್ಲ. ಡಿಜಿಲಾಕರಿನಲ್ಲಿರುವ ಚೀಟಿಗೆ ಮೂಲಪ್ರತಿಯ ಮಾನ್ಯತೆಯಿದ್ದರೂ ಕೌಂಟರಿನವರು ಕೇಳುವುದು ಝೆರಾಕ್ಸನ್ನೇ. ಬೆಳಗಿನ ಐದಕ್ಕೆ ಝೆರಾಕ್ಸ್ ಅಂಗಡಿ ಎಲ್ಲಿಂದ ಬರಬೇಕು? ಮೊದಲ ಎಂಟು ಅಂಕಿ ಮರೆಯಾಗಿರುವ ಮಾಸ್ಕ್ಡ್ ಆಧಾರನ್ನು ಮನೆಯಲ್ಲೇ ಪ್ರಿಂಟ್ ತೆಗೆಸಿ, ತಲೆಗೆ ಮೂರು ಪ್ರತಿಯಂತೆ ತನ್ನಿ. ಪ್ರತಿಯ ಮೇಲೆ ಲಾಡ್ಜಿನ ಹೆಸರು, ತಾರೀಖು ಅಡ್ಡಲಾಗಿ ಬರೆದು ಕೊಟ್ಟರೆ ಬೇರೆ ಕಡೆ ದುರುಪಯೋಗವಾಗುವುದು ಕಷ್ಟ. ವಿದೇಶಿ ಗೆಳೆಯರು ಜೊತೆಗಿದ್ದರೆ ಅವರ ವಿವರವನ್ನು ಲಾಡ್ಜಿನವರು 24 ತಾಸಿನೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಆ ವ್ಯವಸ್ಥೆ ಇಲ್ಲದ ಸಣ್ಣ ಲಾಡ್ಜು ಅವರನ್ನು ಒಳಬಿಡುವುದಿಲ್ಲ. ಅಂಥವರಿಗೆ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲುಗಳನ್ನು ಮೊದಲು ವಿಚಾರಿಸಿ: ಬಾದಾಮಿಯಲ್ಲಿ ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ.

ಬಾಡಿಗೆಯ ಮೇಲೆ ಜಿಎಸ್‌ಟಿ ಬೇರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ. 5. ಸಾವಿರದ ರೂಮಿಗೆ ಐವತ್ತು ರೂಪಾಯಿ, ಅಷ್ಟೇ. ಹಳೆಯ ಶೇ. 12 ಹೇಳಿ 120 ಕೇಳಿದರೆ ಬಿಲ್ ಮೇಲೆ ಜಿಎಸ್‌ಟಿ ನಂಬರ್ ತೋರಿಸಲು ಹೇಳಿ. ಆ್ಯಪಿನಲ್ಲಿ ತೆರಿಗೆ ಸೇರಿಸಿ ಕಟ್ಟಿದ್ದರೆ ಕೌಂಟರಿನಲ್ಲಿ ಮತ್ತೆ ಕಟ್ಟುವ ಮಾತೇ ಇಲ್ಲ.

ದುಡ್ಡು ಕೊಡುವ ಮುನ್ನ ರೂಂ ನೋಡಿ. ಬಾದಾಮಿಯಲ್ಲಿ ಮೊದಲು ನೋಡಬೇಕಾದದ್ದು ಹಾಸಿಗೆಯನ್ನಲ್ಲ, ಕಿಟಕಿಯನ್ನು: ಜಾಳಿಗೆ ಹರಿದಿದ್ದರೆ ಮಂಗ್ಯಾಗಳು ಒಳಬಂದು ಬ್ಯಾಗಿನ ಚೈನ್ ತೆಗೆದೇ ಹೋಗುತ್ತವೆ. ಬಿಸಿನೀರು ಹಲವೆಡೆ ಬೆಳಿಗ್ಗೆ ಎರಡು ಮೂರು ತಾಸು ಮಾತ್ರ. ಸೋಲಾರ್ ಆದರೆ ತಡವಾಗಿ ಎದ್ದವರಿಗೆ ತಣ್ಣೀರೇ. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಎಸಿ ಇಲ್ಲದ ಕೊನೇ ಮಹಡಿ ಬೇಡ, ಹಗಲಿಡೀ ಕಾದ ಸ್ಲ್ಯಾಬು ನಡುರಾತ್ರಿವರೆಗೂ ಆರುವುದಿಲ್ಲ. ಎಸಿ ರೂಂ ತಗೊಂಡರೆ ಕರೆಂಟ್ ಹೋದಾಗ ಜನರೇಟರಿನಲ್ಲಿ ಎಸಿ ಓಡುತ್ತದೋ, ಬರೀ ಫ್ಯಾನೋ ಎಂದು ಕೇಳಿ.

ಕೆಲವು ದಿನಗಳಲ್ಲಿ ಈ ಎಚ್ಚರಿಕೆ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ಹೊತ್ತಿನಲ್ಲಿ ಬಾದಾಮಿ ತುಂಬಿ ತುಳುಕುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ವಿಜಯಪುರವೂ ಹಾಗೆಯೇ. ಕಡಿಮೆ ದರಕ್ಕೆ ಮೊದಲೇ ಮಾಡಿದ ಬುಕಿಂಗ್ ‘ಬಂದೇ ಇಲ್ಲ’ ಎನ್ನಿಸಿಕೊಳ್ಳುವುದು ಇಂಥ ದಿನಗಳಲ್ಲೇ ಹೆಚ್ಚು. ಜಾತ್ರೆ ನೋಡುವ ಆಸೆಯಿದ್ದರೆ ಬಾಗಲಕೋಟೆಯಲ್ಲಿ ತಂಗಿ ಹೋಗಿಬನ್ನಿ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದಾಗ ನಾಲ್ಕು, ಆರು ಮಂಚದ ದೊಡ್ಡ ರೂಮುಗಳು ಮೊದಲು ಹೋಗುತ್ತವೆ.

ಪಟ್ಟದಕಲ್ಲು ಬಾದಾಮಿಯಿಂದ ಸುಮಾರು 22 ಕಿ.ಮೀ., ಐಹೊಳೆ ಅಲ್ಲಿಂದ ಇನ್ನೊಂದು 14. ಎರಡೂ ಕಡೆ ತಂಗಲು ಆಯ್ಕೆ ತೀರಾ ಕಡಿಮೆ. ಬಾದಾಮಿಯಲ್ಲೇ ಉಳಿದು ನೋಡುವುದು ಲೇಸು. ಶುಕ್ರವಾರ ಮಾತ್ರ ಬೇಡ, ಬಾದಾಮಿ, ಐಹೊಳೆಯ ವಸ್ತುಸಂಗ್ರಹಾಲಯಗಳಿಗೆ ಅಂದು ರಜೆ.

ವಿಜಯಪುರದಲ್ಲಿ ರೈಲ್ವೆ ಸ್ಟೇಷನ್ ಊರಿನ ಪೂರ್ವಕ್ಕೆ, ಗೋಳಗುಮ್ಮಟದ ಹತ್ತಿರ. ಕೇಂದ್ರ ಬಸ್ ನಿಲ್ದಾಣ ಪಶ್ಚಿಮಕ್ಕೆ. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತು ಕೇಳಿಸಬೇಕೆಂದರೆ ಶಾಲಾ ಮಕ್ಕಳು ಬರುವ ಮೊದಲೇ ಹತ್ತಬೇಕು, ಅದಕ್ಕೆ ಸ್ಟೇಷನ್ ರಸ್ತೆಯ ಕಡೆಯ ಲಾಡ್ಜೇ ಅನುಕೂಲ. ಬೆಳಿಗ್ಗೆ ಬೇಗ ರೂಂ ಬಿಡುವವರು ಲೆಕ್ಕವನ್ನು ರಾತ್ರಿಯೇ ಮುಗಿಸಿ. ಕೀಲಿಗೆಂದು ಕೊಟ್ಟ ಡಿಪಾಸಿಟ್ ಗಲ್ಲಾಪೆಟ್ಟಿಗೆಯಲ್ಲಿರುತ್ತದೆ, ಗಲ್ಲಾದ ಬೀಗದ ಕೈ ಮಾಲೀಕರ ಮನೆಯಲ್ಲಿರುತ್ತದೆ. ಮಲಗುವ ಮೊದಲೇ ರೂಂ ತೋರಿಸಿ, ಡಿಪಾಸಿಟ್ ಕಳೆದು ಬಿಲ್ ಮಾಡಿಸಿಕೊಂಡರೆ ಬೆಳಿಗ್ಗೆ ಕೀಲಿಯನ್ನು ಹುಡುಗನ ಕೈಗಿಟ್ಟು ಹೊರಡಬಹುದು.