ಶುಕ್ರವಾರ, 11 ಜುಲೈ 2025: ಸ್ಪಾರ್ಕ್ ಇದೆ, ಗಾಡಿ ಮಾತ್ರ ಸ್ಟಾರ್ಟ್ ಆಗ್ತಿಲ್ಲ

ಕಾಯಿಲ್ ಹೋಗಿಲ್ಲ. ಪಾಯಿಂಟ್ ಸೆಟ್ಟೂ ಹೋಗಿಲ್ಲ. ಎರಡೂ ಪ್ಲಗ್ಗಿಗೆ ಸ್ಪಾರ್ಕ್ ಕೊಡುವ ಭಾಗಗಳು. ಇದನ್ನು ಮೊದಲು ಬರೆದುಬಿಡುತ್ತೇನೆ. ಮಳೆ ಹಿಡಿದಾಗಿನಿಂದ ಸ್ಟಾರ್ಟ್ ಆಗದ ನಮ್ಮ ಹಳೇ ಯೆಜ್ಡಿ ಬೈಕು ರೋಡ್‌ಕಿಂಗ್ ನೋಡಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿ ಹೋಗಿದ್ದರು. ಒಬ್ಬರು ಕಾಯಿಲ್ ಅಂದರು. ಇನ್ನೊಬ್ಬರು ಪಾಯಿಂಟ್ ಎಲ್ಲ ಕಿತ್ತುಹಾಕಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಅಂದರು. ಗ್ಯಾರೇಜಿನವರೊಬ್ಬರಂತೂ ಕಿಕ್ಕರ್ ಒತ್ತಿ ನೋಡಿದವರೇ ಇಂಜಿನ್ ಇಳಿಸಬೇಕು ಅಂದುಬಿಟ್ಟರು. ಇವರು ಬೆಂಗಳೂರಿನಿಂದ ಫೋನ್‌ನಲ್ಲಿ, "ಸುಮ್ನೆ ಮಾರಿಬಿಡೋಣ ಕಣೆ, ಹಳೇ ಯೆಜ್ಡಿಗೆ ಈಗ ಒಳ್ಳೇ ರೇಟಿದೆ" ಅಂದರು. ಮಾವನ ಎದುರಿಗೆ ಈ ಮಾತು ಎತ್ತಬೇಡಿ ಅಂತ ಹೇಳಿ ಫೋನ್ ಇಟ್ಟೆ.

ಇವತ್ತು ಮೂರನೇ ಆಷಾಢ ಶುಕ್ರವಾರ. ಚಾಮುಂಡಿ ಬೆಟ್ಟಕ್ಕೆ ಹೋಗುವವರು, ಬರುವವರು, ಬಸ್ಸು, ಮೇಲಿಂದ ಸೋನೆ ಮಳೆ. ಆಫೀಸಿನಿಂದ ಮನೆ ಸೇರುವಷ್ಟರಲ್ಲಿ ಸಾಕಾಗಿತ್ತು. ಗೇಟು ತೆಗೆದರೆ ಮಾವ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಗಾಡಿ ಪಕ್ಕ ಕೂತಿದ್ದಾರೆ. ನಮ್ಮತ್ತೆ ಬಾಗಿಲಲ್ಲಿ ನಿಂತು, "ಮಧ್ಯಾಹ್ನದಿಂದ ಹೀಗೇ ಕೂತಿದ್ದಾರೆ, ಊಟಕ್ಕೂ ಎಬ್ಬಿಸಬೇಕಾಯ್ತು" ಅಂತ ದೂರು ಹೇಳಿದರು.

"ಬಂದ್ಯೇನಮ್ಮ? ಶೂ ಬಿಚ್ಚಬೇಡ. ಸ್ವಲ್ಪ ಕಿಕ್ ಹೊಡಿ. ನನ್ನ ಮಂಡಿಗೆ ಆಗಲ್ಲ."

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಾವ ನನಗೆ ಆ ಗಾಡಿ ಮುಟ್ಟು ಅಂದದ್ದು ಇದೇ ಮೊದಲು. ಬೇಡ ಅಂತಲೂ ಹೇಳಿದವರಲ್ಲ, ಆ ಮಾತೇ ಬಂದಿರಲಿಲ್ಲ ಅಷ್ಟೆ. ಬ್ಯಾಗ್ ಅತ್ತೆ ಕೈಗೆ ಕೊಟ್ಟು ನಿಂತೆ. ಇದರಲ್ಲಿ ಗೇರ್ ಲಿವರೇ ಕಿಕ್ಕರು. ಎಡಗಡೆ ಇರುತ್ತೆ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತೆ. ಅದನ್ನು ತೋರಿಸಿಕೊಟ್ಟರು.

"ಒತ್ತಿದಾಗ ಕಾಲಿಗೆ ಎದುರು ತಳ್ಳುತ್ತಾ?"

"ಹೂಂ ಮಾವ, ಗಟ್ಟಿಯಾಗೇ ತಳ್ಳುತ್ತೆ."

"ಸರಿ. ಅಂದ್ರೆ ಕಂಪ್ರೆಷನ್ ಇದೆ, ಇಂಜಿನ್ ಒಳಗೆ ಒತ್ತಡ ಸರಿಯಾಗಿ ಕಟ್ಟುತ್ತಿದೆ. ಇಂಜಿನ್ ಇಳಿಸೋ ಮಾತು ಇಲ್ಲಿಗೆ ಮುಗೀತು."

ಆಮೇಲೆ ಅವರು ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ. "ನೋಡಮ್ಮ, ಬಂದೋರೆಲ್ಲ ಏನು ಹೋಗಿದೆ ಅಂತ ಹೇಳ್ತಾರೆ. ಏನು ಸರಿ ಇದೆ ಅಂತ ಯಾರೂ ನೋಡಲ್ಲ. ಕೊನೇ ಸಲ ಓಡಿದಾಗ ಹೇಗಿತ್ತು, ಎಲ್ಲಿ ನಿಲ್ಲಿಸಿದ್ರಿ, ಪೆಟ್ರೋಲ್ ಯಾವಾಗ ಹಾಕಿಸಿದ್ದು, ಒಬ್ಬನಾದ್ರೂ ಕೇಳಿದ್ನಾ? ಓಡ್ತಾ ಓಡ್ತಾ ನಿಂತಿದ್ರೆ ಒಂದು ಥರ. ಚೆನ್ನಾಗಿ ಓಡಿ, ನಿಲ್ಲಿಸಿ, ಆಮೇಲೆ ಸ್ಟಾರ್ಟ್ ಆಗದೆ ಇದ್ರೆ ಇನ್ನೊಂದು ಥರ. ನಮ್ಮದು ಚೆನ್ನಾಗೇ ಓಡಿ ಬಂದು ನಿಂತ ಗಾಡಿ. ನಿಂತಲ್ಲೇ ಕೆಟ್ಟಿದೆ. ನಿಂತ ಗಾಡಿಯ ಕಾಯಿಲ್ ತಾನಾಗೇ ಸುಡುತ್ತಾ?"

ಪ್ಲಗ್ ಬಿಚ್ಚಿಸಿದರು. ತುದಿ ಒದ್ದೆ ಇತ್ತು. ಹಾಗಾದರೆ ಪೆಟ್ರೋಲ್ ಬರುತ್ತಿದೆ ಅಲ್ವಾ ಅಂದೆ. ಮಾವ ಏನೂ ಹೇಳದೆ ಪ್ಲಗ್ ತುದಿಯನ್ನು ನನ್ನ ಹೆಬ್ಬೆರಳಿಗೆ ಒರೆಸಿ, "ಮೂಸು" ಅಂದರು. ವಾಸನೆ ಇತ್ತು, ಆದರೆ ಸಪ್ಪೆ. ಬೆರಳ ಮೇಲೆ ಪೆಟ್ರೋಲ್ ಆದರೆ ಹರಡಿ, ತಣ್ಣಗಾಗಿ ಆರಿಹೋಗುತ್ತೆ. ಇದು ಸಣ್ಣ ಸಣ್ಣ ಹನಿಯಾಗಿ ನಿಂತಿತ್ತು. ಟೂ ಸ್ಟ್ರೋಕ್ ಆಯಿಲ್‌ನ ಜಿಡ್ಡಿನ ಮೇಲೆ ಹನಿ ಬೇರೆಯಾಗೇ ಕೂತಿತ್ತು. ಮಾವ ಅದನ್ನೇ ಸ್ವಲ್ಪ ಹೊತ್ತು ನೋಡಿ "ಹೂಂ" ಅಂದರು. ಅವರಿಗೆ ಆಗಲೇ ಅನುಮಾನ ಬಂದಿತ್ತು ಅಂತ ಈಗ ಅನ್ನಿಸುತ್ತೆ. ಆದರೂ ಸ್ಪಾರ್ಕ್ ನೋಡದೆ ಮುಂದೆ ಹೋಗಲಿಲ್ಲ.

ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಪ್ಲಗ್ ಒರೆಸಿ ಕ್ಯಾಪಿಗೆ ಸಿಕ್ಕಿಸಿ, ಹೆಡ್ಡಿನ ಫಿನ್ ಮೇಲೆ ತಾಗಿಸಿ ಇಟ್ಟರು. ಪ್ಲಗ್ ತೂತಿನಿಂದ ದೂರ ಇರಬೇಕು, ಒಳಗಿನ ಆವಿಗೆ ಬೆಂಕಿ ತಗುಲಬಾರದು ಅಂತ ನನಗೂ ಮಗಳು ಪುಟ್ಟಿಗೂ ಎರಡೆರಡು ಸಲ ಹೇಳಿದರು. ಪುಟ್ಟಿ ಪೋರ್ಟಿಕೋ ಲೈಟ್ ಆರಿಸಿದಳು. ನಾನು ಕಿಕ್ ಹೊಡೆದೆ. ಟಿಕ್ ಅಂತ ನೀಲಿ ಸ್ಪಾರ್ಕ್. ಇನ್ನೊಮ್ಮೆ ಹೊಡೆದರೆ ಇನ್ನೊಂದು. ಪುಟ್ಟಿ ಚಪ್ಪಾಳೆ ತಟ್ಟಿದಳು.

"ಹಳದಿಯಾಗಿ ಸೊರಗಿದ್ರೆ ಬ್ಯಾಟರಿ, ಕಂಡೆನ್ಸರ್, ಪಾಯಿಂಟ್ ಕಡೆ ಹೋಗಬೇಕು. ಹೊರಗೆ ಬಂದ ಸ್ಪಾರ್ಕ್ ಒಳಗೂ ಬಂದೇ ಬರುತ್ತೆ ಅಂತೇನಿಲ್ಲ, ಒಳಗೆ ಒತ್ತಡ ಇರುತ್ತೆ. ಆದ್ರೆ ಇಷ್ಟು ನೀಲಿ ಇರೋವಾಗ ಮೊದಲು ಬೇರೆ ಕಡೆ ನೋಡಬೇಕು. ಪಾಯಿಂಟ್ ಕವರ್ ಮುಟ್ಟಬೇಡ. ಸರಿ ಇರೋದನ್ನ ಬಿಚ್ಚಿದ್ರೆ ಕಾಯಿಲೆ ಎರಡಾಗುತ್ತೆ."

ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಅಂತ ಅವರಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಅದನ್ನು ಅಳೆಯುವ ಫೀಲರ್ ಗೇಜ್ ಜೇಬಿನಲ್ಲೇ ಇತ್ತು. ತೆಗೆಯಲೇ ಇಲ್ಲ. ಗೊತ್ತಿರುವ ಕೆಲಸ ಕೈಯಲ್ಲಿದ್ದೂ ಅದು ಬೇಡದ ಕಡೆ ಸುಮ್ಮನಿರುವುದಕ್ಕೆ ಎಷ್ಟು ತಾಳ್ಮೆ ಬೇಕು!

ಮಹಾರಾಜರು, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್, 1961ರಲ್ಲಿ ಮೈಸೂರಿನ ಯಾದವಗಿರಿಯ ಜಾವಾ ಬೈಕ್ ಫ್ಯಾಕ್ಟರಿ ಉದ್ಘಾಟನೆ ಮಾಡಿದಾಗ ಮಾವ ಚಡ್ಡಿ ಹಾಕುವ ಹುಡುಗ. ಜಾವಾ ಹೋಗಿ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಬರತೊಡಗಿದ್ದು 1973ರಲ್ಲಿ. ಆಮೇಲೆ ಮಾವ ಅಲ್ಲಿ ಕೆಲಸಕ್ಕೆ ಸೇರಿದ್ದು. 1996ರಲ್ಲಿ ಫ್ಯಾಕ್ಟರಿ ನಿಂತಾಗ ಅವರ ವಯಸ್ಸು ನಲವತ್ತು ದಾಟಿತ್ತು, ಮಕ್ಕಳು ಇನ್ನೂ ಸ್ಕೂಲಿನಲ್ಲಿದ್ದರು. ಆ ವರ್ಷಗಳ ಬಗ್ಗೆ ಅತ್ತೆ ಮಾತಾಡುತ್ತಾರೆ, ಮಾವ ಆಡುವುದಿಲ್ಲ. ಇವತ್ತೂ ಆಡಲಿಲ್ಲ. ಸ್ಪ್ಯಾನರ್ ಕೇಳುವಾಗ ಮಾತ್ರ ಹೆಸರು ಹೇಳದೆ ಕೈ ಚಾಚುತ್ತಿದ್ದರು, ಪಕ್ಕದಲ್ಲಿ ಗೊತ್ತಿರುವವರು ನಿಂತಿದ್ದಾರೆ ಅನ್ನುವ ಹಾಗೆ. ನಾನು ಊಹೆ ಮಾಡಿ ಕೊಟ್ಟೆ.

ಪೆಟ್ರೋಲ್ ಪೈಪ್ ಕಳಚಿ ಟ್ಯಾಪ್ ತಿರುಗಿಸಿದರೆ ಧಾರಾಳವಾಗಿ ಬಂತು. ಇಲ್ಲಿಗೆ ಎಲ್ಲ ಸರಿ ಇದೆ ಅಂತಾಯ್ತು. ಕಂಪ್ರೆಷನ್ ಇದೆ, ಸ್ಪಾರ್ಕ್ ಇದೆ, ಪೆಟ್ರೋಲ್ ಇದೆ. ಗಾಡಿ ಮಾತ್ರ ಸ್ಟಾರ್ಟ್ ಆಗಲ್ಲ.

"ಬರ್ತಿರೋದು ಪೆಟ್ರೋಲೇ ಅಂತ ಯಾರು ಹೇಳಿದ್ದು?" ಅಂದರು ಮಾವ.

ಕಾರ್ಬುರೇಟರ್ ಬೌಲ್ (ಇಂಜಿನ್‌ಗೆ ಹೋಗುವ ಮೊದಲು ಪೆಟ್ರೋಲ್ ನಿಲ್ಲುವ ಚಿಕ್ಕ ಬಟ್ಟಲು) ಬಿಚ್ಚಿ, ಅದರಲ್ಲಿದ್ದದ್ದನ್ನು ಅತ್ತೆಯ ಉಪ್ಪಿನಕಾಯಿ ಬಾಟಲಿಗೆ ಸುರಿದೆವು (ಖಾಲಿಯಾಗಿತ್ತು, ಅದನ್ನು ಇನ್ನು ಅಡುಗೆಮನೆಗೆ ತರಬೇಡಿ ಅಂದಿದ್ದಾರೆ). ಟ್ಯಾಪಿನಿಂದಲೂ ಸ್ವಲ್ಪ ಹಿಡಿದೆವು. ಬಾಟಲಿಯನ್ನು ಜಗಲಿಯ ಮೇಲೆ ಅಲುಗಾಡಿಸದೆ ಇಟ್ಟು ಮೊಬೈಲ್ ಟಾರ್ಚ್ ಬಿಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಪದರ. ಮೇಲೆ ಆಯಿಲ್ ಬಣ್ಣದ ಪೆಟ್ರೋಲು. ಕೆಳಗೆ ಬೆರಳಿನ ದಪ್ಪ ಮಂಕಾದ ನೀರು. ಮಧ್ಯೆ ಗೆರೆ ಎಳೆದ ಹಾಗೆ.

ಕಾರಣ ಇದು. ಈಗಿನ ಪೆಟ್ರೋಲ್‌ನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿ ಇದನ್ನು ಬಿಡುಗಡೆ ಮಾಡಿದ್ದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತೆ. ಒಂದು ಮಿತಿಯವರೆಗೆ ಪೆಟ್ರೋಲ್‌ನಲ್ಲೇ ಬೆರೆತಿರುತ್ತೆ. ಮಿತಿ ದಾಟಿತೋ, ಎಥನಾಲ್ ಆ ನೀರನ್ನು ಜೊತೆಗೆ ಎಳೆದುಕೊಂಡು ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಟ್ಯಾಪ್ ಇರುವುದೂ ತಳದಲ್ಲೇ. ದಿನಾ ಓಡುವ ಗಾಡಿಗೆ ಪೆಟ್ರೋಲ್ ಖಾಲಿಯಾಗಿ ಹೊಸದು ಬರುತ್ತಿರುತ್ತೆ, ಅಷ್ಟು ತೊಂದರೆ ಇಲ್ಲ. ಅರ್ಧ ಟ್ಯಾಂಕ್ ಇಟ್ಟುಕೊಂಡು ಮಳೆಗಾಲದಲ್ಲಿ ನಿಂತ ಹಳೇ ಗಾಡಿಗೆ ಇದು ಕಷ್ಟ. ಹಳೇ ರಬ್ಬರ್ ಪೈಪಿಗೂ ಎಥನಾಲ್ ಒಳ್ಳೆಯದಲ್ಲ. ನಮ್ಮ ಪೈಪ್ ಹಿಚುಕಿ ನೋಡಿದರೆ ಕಡ್ಡಿಯಾಗಿತ್ತು.

ಟ್ಯಾಂಕ್ ಪೂರ್ತಿ ಕ್ಯಾನಿಗೆ ಬಸಿದೆವು. ಅದನ್ನು ಚರಂಡಿಗೆ ಸುರಿಯಬೇಡ, ಯಾವ ಗಾಡಿಗೂ ಹಾಕಬೇಡ ಅಂದರು. ನಾನು ಸ್ಕೂಟರ್‌ನಲ್ಲಿ ಹೋಗಿ ಕ್ಯಾನಿನಲ್ಲಿ ಹೊಸ ಪೆಟ್ರೋಲ್ ತಂದೆ. ಆಯಿಲ್ ಬೆರೆಸಿ, ಚಿಕ್ಕ ಬಾಟಲಿಗೆ ಪೈಪ್ ಸಿಕ್ಕಿಸಿ, ಅದನ್ನು ಎತ್ತರಕ್ಕೆ ಹಿಡಿದುಕೊಂಡು ಬೌಲ್ ತುಂಬಿಸಿದರು. ಕಿಕ್ ಹೊಡೆದೆ. ಕೆಮ್ಮಿತು. ಮತ್ತೆ ಹೊಡೆದೆ. ಎರಡೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಿಟ್ಟುಕೊಂಡು ಸ್ಟಾರ್ಟ್ ಆಗೇಬಿಟ್ಟಿತು! ಎದುರು ಮನೆಯವರು ಹೊರಗೆ ಬಂದರು. ಪುಟ್ಟಿ ಕುಣಿದಳು. ನನ್ನ ಕಣ್ಣಲ್ಲಿ ನೀರು ಬಂತು, ಹೊಗೆಗೆ ಅಲ್ಲ.

ಮಾವ ಮಾತ್ರ ತಕ್ಷಣ ಕೀ ತಿರುಗಿಸಿ ಆಫ್ ಮಾಡಿದರು.

"ನೀರಿತ್ತು ಅಂತ ಗೊತ್ತಾಯ್ತು. ಎಲ್ಲಿಂದ ಬಂತು? ಗಾಳಿಯ ತೇವದಿಂದ ಇಷ್ಟು ನೀರು ಬರಲ್ಲ ಕಣಮ್ಮ. ಅದು ಗೊತ್ತಾಗದೆ ಟ್ಯಾಂಕ್ ತುಂಬಿಸಿದ್ರೆ ಮುಂದಿನ ವಾರ ಮತ್ತೆ ಇದೇ ಪಾಡು."

ಟ್ಯಾಂಕ್ ಮುಚ್ಚಳ ತಂದು ತೋರಿಸಿದರು. ಒಳಗಿನ ರಬ್ಬರ್ ವಾಷರ್ ಒಂದು ಕಡೆ ಸೀಳಿದೆ. ತಲೆ ಎತ್ತಿ ನೋಡಿದರೆ ಸರಿಯಾಗಿ ಅದರ ಮೇಲೇ ಬಾಲ್ಕನಿ ಸೋರುವ ಜಾಗ. ಮಂಡಿ ನೋವು ಅಂತ ನಡುಗುವ ಕಾಲಿನಲ್ಲೇ ಎದ್ದು ನಿಂತು, ಹನಿ ಎಲ್ಲಿ ಬೀಳುತ್ತೆ ಅಂತ ಅಂಗೈ ಒಡ್ಡಿ ನೋಡುತ್ತಿದ್ದರು. ಅತ್ತೆ ಬೈದು ಒಳಗೆ ಕರೆದುಕೊಂಡು ಹೋದರು.

ಇವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಹಾಗಾದ್ರೆ ಈಗ ಇನ್ನೂ ಒಳ್ಳೇ ರೇಟ್ ಬರುತ್ತೆ" ಅಂದರು. ಬೇಜಾರಾಯ್ತು. ಇಂಜಿನ್ ಇಳಿಸಬೇಕು ಅಂದವರ ಮಾತು ಕೇಳಿ ಮಾರಿದ್ದರೆ, ಒಂದು ಬಾಟಲಿ ನೀರಿಗೋಸ್ಕರ ಮಾರಿದ ಹಾಗಾಗುತ್ತಿತ್ತು. ಇದನ್ನು ಫೋನ್‌ನಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಓದಿಕೊಳ್ಳಲಿ.

ಭಾನುವಾರ ಜಾವಾ–ಯೆಜ್ಡಿ ದಿನ. ಪ್ರತಿ ಜುಲೈ ಎರಡನೇ ಭಾನುವಾರ ಇರುತ್ತಲ್ಲ, ಅದೇ. ಊಟ ಮಾಡುವಾಗ ಮಾವ, "ನಾನು ಹಿಂದೆ ಕೂತು ಬರ್ತೀನಿ" ಅಂದರು. ಓಡಿಸುವುದು ಯಾರು ಅಂತ ಹೇಳಲಿಲ್ಲ, ನನ್ನ ಕಡೆ ನೋಡಿದರು. ನನ್ನ ಲೈಸೆನ್ಸ್ ಗೇರ್ ಇಲ್ಲದ ಗಾಡಿಗೆ. ಅದು ಭಾನುವಾರದೊಳಗೆ ಆಗುವ ಕೆಲಸವೂ ಅಲ್ಲ. ಇವರು ನಾಳೆ ರಾತ್ರಿ ಬಸ್ಸಿಗೆ ಬಂದರೆ ಸರಿ. ಅದಕ್ಕೂ ಮೊದಲು ವಾಷರ್ ಸಿಗಬೇಕು, ಪೈಪ್ ತರಬೇಕು, ಟ್ಯಾಂಕ್ ಒಣಗಬೇಕು, ಈ ಮಳೆಯಲ್ಲಿ ಹೇಗೆ ಒಣಗಿಸುವುದೋ, ಹೇರ್ ಡ್ರೈಯರ್ ಮಾತ್ರ ಅದರ ಹತ್ತಿರ ತರಬೇಡ ಅಂದಿದ್ದಾರೆ ಮಾವ.