ಆಸ್ಪತ್ರೆ ಸೀನಿಗೆ ಸಿಸ್ಟರನ್ನು ಕರೆಯಬೇಕಾದ ಹೊತ್ತು

ಮುಚ್ಚಿದ ನರ್ಸಿಂಗ್ ಹೋಮ್ ಒಂದರಲ್ಲಿ ನಮ್ಮ ಸೀರಿಯಲ್ಲಿನ ಆಸ್ಪತ್ರೆ ಟ್ರ್ಯಾಕ್ ನಡೆಯುತ್ತಿತ್ತು. ಬ್ಯಾಂಕಿಂಗ್ ಇಲ್ಲ, ಅಂದರೆ ಮೊದಲೇ ತೆಗೆದಿಟ್ಟ ಎಪಿಸೋಡ್ ಒಂದೂ ಇಲ್ಲ, ನಾಳಿದ್ದೇ ಟೆಲಿಕಾಸ್ಟ್. ಡೈಲಾಗ್ ಬರೆದ ಸೀನ್ ಪೇಪರ್ ಬಂದಿದ್ದೇ ಸಂಜೆ. ನಾನು ಅಸೋಸಿಯೇಟ್ ಡೈರೆಕ್ಟರ್, ಅವತ್ತು ಕಲಾವಿದರಿಗೆ ಡೈಲಾಗ್ ಹೇಳಿಕೊಡುವ ಪ್ರಾಂಪ್ಟಿಂಗೂ ನನ್ನದೇ.

ಸೀನ್ ಇಷ್ಟು: ನಾಯಕಿಯ ಅಪ್ಪನ ಹೃದಯ ನಿಲ್ಲುತ್ತದೆ, ಮಾನಿಟರಿನಲ್ಲಿ ನೇರ ಗೆರೆ, ಡಾಕ್ಟರ್ ಶಾಕ್ ಕೊಡುತ್ತಾರೆ, ಅಪ್ಪ ಕಣ್ಣು ಬಿಡುತ್ತಾರೆ. ಡ್ರಿಪ್, ವಯರುಗಳನ್ನು ಹೇಗೆ ಹಾಕಬೇಕು ಅಂತ ತೋರಿಸಲು ಒಬ್ಬ ಸಿಸ್ಟರನ್ನು ಕರೆಸಿದ್ದರು. ರಿಹರ್ಸಲ್‌ನಲ್ಲಿ ಡಾಕ್ಟರ್ ಪಾತ್ರದ ಹುಡುಗ ಜೋಶಿನಲ್ಲಿ ಹಿರಿಯ ಕಲಾವಿದರ ಎದೆಯನ್ನು ನಿಜವಾಗಿಯೇ ಒತ್ತಿಬಿಟ್ಟ. ಸಿಸ್ಟರ್ ಓಡಿ ಬಂದು ಅವನ ಕೈ ಹಿಡಿದರು. "ಹಾಗೆ ಒತ್ತಬೇಡಿ, ಪಕ್ಕೆ ಮುರಿಯುತ್ತೆ. ಡಮ್ಮಿ ಇಲ್ವಾ?" ಇರಲಿಲ್ಲ. ಆಮೇಲೆ ಮಾನಿಟರ್ ನೋಡಿದರು. "ಗೆರೆ ನೇರ ಆದ್ಮೇಲೆ ಶಾಕ್ ಕೊಡಲ್ಲ ಸರ್. ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು."

ಯಾರೂ ಮಾತಾಡಲಿಲ್ಲ. ಡೈರೆಕ್ಟರ್ ನನ್ನ ಮುಖ ನೋಡಿದರು. ಮ್ಯಾನೇಜರ್ ಗಡಿಯಾರ ನೋಡಿದರು. ಕಲಾವಿದರು ಎದೆ ಉಜ್ಜಿಕೊಳ್ಳುತ್ತಾ ಮಲಗೇ ಇದ್ದರು. ದಾರಿ ಹೇಳಿದ್ದೂ ಸಿಸ್ಟರೇ: ಗೆರೆ ಅಡ್ಡಾದಿಡ್ಡಿ ನಡುಗುತ್ತಿರುವಂತೆ ತೋರಿಸಿದರೆ ಶಾಕ್ ಕೊಡುವುದು ಸರಿಯಾಗುತ್ತದೆ. ಆದರೆ ಮಾನಿಟರಿನಲ್ಲಿ ಓಡುತ್ತಿದ್ದದ್ದು ಎಡಿಟರ್ ಮಾಡಿಕೊಟ್ಟಿದ್ದ ಒಂದೇ ವಿಡಿಯೊ. ಡೈಲಾಗಿನಲ್ಲೂ 'ಫ್ಲಾಟ್ ಲೈನ್' ಅಂತಿತ್ತು, ಚಾನೆಲ್ ಅಪ್ರೂವಲ್ ಆಗಿತ್ತು. ಕಾಲ್‌ಶೀಟ್, ಅಂದರೆ ಅವತ್ತಿನ ಶೂಟಿಂಗ್ ಹೊತ್ತು, ಮುಗಿಯುತ್ತಾ ಬಂದಿತ್ತು. ಬರೆದ ಹಾಗೇ ತೆಗೆದೆವು.

ಹೊರಡುವಾಗ ಸಿಸ್ಟರ್ ಹೇಳಿದರು: "ನಮ್ಮ ಐಸಿಯು ಬಾಗಿಲಲ್ಲಿ ಮನೆಯವರು ಕೇಳ್ತಾರೆ ಸರ್, ಶಾಕ್ ಯಾಕೆ ಕೊಡ್ಲಿಲ್ಲ ಅಂತ." ಆ ಮಾತು ಈಗಲೂ ಚುಚ್ಚುತ್ತದೆ.

ಆಸ್ಪತ್ರೆ ಸೀನ್ ಮಾಡುವವರೆಲ್ಲ ಅಮೆರಿಕದ 'ಇಆರ್' (ಎಮರ್ಜೆನ್ಸಿ ರೂಮ್, ಆಸ್ಪತ್ರೆಯ ತುರ್ತು ವಿಭಾಗ) ತಯಾರಾದ ಬಗೆ ತಿಳಿದುಕೊಳ್ಳಬೇಕು. 1994ರಿಂದ 2009ರವರೆಗೆ 331 ಎಪಿಸೋಡ್ ನಡೆದ ಧಾರಾವಾಹಿ ಅದು. ಅವರೂ ಮೊದಲ ಎಪಿಸೋಡನ್ನು ಲಾಸ್ ಏಂಜಲೀಸ್‌ನ ಮುಚ್ಚಿದ ಆಸ್ಪತ್ರೆಯಲ್ಲೇ ತೆಗೆದರು. ಆಮೇಲೆ ಬರ್ಬ್ಯಾಂಕ್‌ನ ವಾರ್ನರ್ ಬ್ರದರ್ಸ್ ಸ್ಟುಡಿಯೊದಲ್ಲಿ ಸೆಟ್ ಹಾಕಿದರು. ಓಡಿದರೂ ಅಲುಗದ ಸ್ಟೆಡಿಕ್ಯಾಮ್ ಕ್ಯಾಮೆರಾ ಹಿಡಿದು ಕಟ್ ಇಲ್ಲದೆ ಓಡುವ ಆ ಶಾಟ್‌ಗಳ ಬಗ್ಗೆ ನಮ್ಮ ಯೂನಿಟ್ಟಿನವರು ಗಂಟೆಗಟ್ಟಲೆ ಮಾತಾಡುತ್ತಾರೆ. 1997ರಲ್ಲಿ ಒಂದು ಎಪಿಸೋಡನ್ನು ಲೈವ್ ಮಾಡಿದರು, ಅದೂ ಪೂರ್ವ ಮತ್ತು ಪಶ್ಚಿಮ ಕರಾವಳಿಗೆ ಬೇರೆ ಬೇರೆಯಾಗಿ, ಒಂದೇ ರಾತ್ರಿ ಎರಡು ಸಲ.

ನನಗೆ ಮುಖ್ಯ ಅನಿಸುವುದು ಕ್ಯಾಮೆರಾ ಅಲ್ಲ, ಬರೆಯುವ ಕೋಣೆ. ಇಆರ್ ಹುಟ್ಟುಹಾಕಿದ ಮೈಕಲ್ ಕ್ರೈಟನ್ ವೈದ್ಯಕೀಯ ಓದಿದವರು. ನೀಲ್ ಬೇರ್ ಬರವಣಿಗೆಗೆ ಸೇರಿದಾಗ ಇನ್ನೂ ಮೆಡಿಕಲ್ ವಿದ್ಯಾರ್ಥಿ. ಲಾನ್ಸ್ ಜಂಟೈಲ್, ಜೋ ಸಾಕ್ಸ್ ಇಬ್ಬರೂ ತುರ್ತು ವಿಭಾಗದ ಡಾಕ್ಟರುಗಳು. ಹೆರಿಗೆಗೆ ಬಂದ ತಾಯಿ ಡಾಕ್ಟರ ತಪ್ಪು ಲೆಕ್ಕಾಚಾರದಿಂದ ಸಾಯುವ ಎಪಿಸೋಡ್ ಬರೆದಿದ್ದು ಜಂಟೈಲ್. ಅದಕ್ಕೆ 1995ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು. ಹಿನ್ನೆಲೆಯಲ್ಲಿ ಓಡಾಡುವ ನರ್ಸುಗಳಲ್ಲೂ ನಿಜವಾದ ನರ್ಸುಗಳಿದ್ದರು. ಅಂದರೆ ತಪ್ಪು ಕಾಗದದ ಮೇಲೆ ಇರುವಾಗಲೇ ಹಿಡಿಯುವವರು ಪಕ್ಕದಲ್ಲಿದ್ದರು. ನಮ್ಮಲ್ಲಿ ಲೈಟಿಂಗ್ ಆದ ಮೇಲೆ ಕರೆಯುತ್ತೇವೆ.

ಹಾಗಂತ ಇಆರ್ ಕೂಡ ಪೂರ್ತಿ ಪಾರಾಗಲಿಲ್ಲ. ಇಆರ್ ಸೇರಿ ಮೂರು ಟಿವಿ ಕಾರ್ಯಕ್ರಮಗಳ 97 ಎಪಿಸೋಡ್ ನೋಡಿದ ಅಧ್ಯಯನವೊಂದು 1996ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. ಆ ಎಪಿಸೋಡುಗಳಲ್ಲಿ ಸಿಪಿಆರ್ (ಎದೆ ಒತ್ತಿ ಬದುಕಿಸುವ ಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ಶೇ. 75ರಷ್ಟು ಮಂದಿ ಆ ಕ್ಷಣಕ್ಕೆ ಬದುಕಿದ್ದರು. ನಿಜವಾದ ಆಸ್ಪತ್ರೆಗಳಲ್ಲಿ ಅಷ್ಟು ಜನ ಉಳಿಯುವುದಿಲ್ಲ. ಡಾಕ್ಟರುಗಳು ಕೂತು ಬರೆದರೂ ಹೀಗಾದರೆ, ಯಾರನ್ನೂ ಕೇಳದ ನಾವು ಎಷ್ಟು ಜಾಸ್ತಿ ಎಚ್ಚರ ವಹಿಸಬೇಕು, ಅಲ್ವಾ?

ಇದನ್ನು ಹೇಳಿದರೆ ಮ್ಯಾನೇಜ್‌ಮೆಂಟ್ ಉತ್ತರ ಒಂದೇ: ಅವರ ಬಜೆಟ್ ಬೇರೆ. ನಿಜ, 1998ರಲ್ಲಿ ಎನ್‌ಬಿಸಿ ಚಾನೆಲ್ ಇಆರ್‌ನ ಒಂದು ಎಪಿಸೋಡಿಗೆ ಸುಮಾರು 1.3 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಆದರೆ ಸೀನ್ ಪೇಪರನ್ನು ಒಬ್ಬ ನರ್ಸಿಗೆ ಓದಿಸಲು ಕೋಟಿ ಬೇಡ. ಎರಡು ದಿನ ಮೊದಲು ಬರೆದರೆ ಸಾಕು.

ಈಗಿನ ಯೂನಿಟ್ಟಿನಲ್ಲಿ ಹಠ ಹಿಡಿದು ಅದನ್ನು ಮಾಡಿಸಿದ್ದೇನೆ. ಆಸ್ಪತ್ರೆ ಸೀನ್ ಇದ್ದರೆ ಡೈಲಾಗ್ ಬರೆಯುವ ಮೊದಲಿನ ಒನ್‌ಲೈನ್ ಹಂತದಲ್ಲೇ ಆ ಸಿಸ್ಟರಿಗೆ ವಾಟ್ಸಾಪ್ ಹೋಗುತ್ತದೆ. ಸುಮ್ನೆ ಅಲ್ಲ, ದುಡ್ಡು ಕೊಟ್ಟು. ಎದೆ ಒತ್ತುವ ಶಾಟ್ ಇದ್ದರೆ ಫ್ರೇಮಿನ ಕೆಳಗೆ ದಿಂಬು ಇಟ್ಟು ಅದನ್ನು ಒತ್ತಿಸುತ್ತೇವೆ. ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಹಾಕಿ ಅಂತ ಚಾನೆಲ್ ಜೊತೆ ಇನ್ನೂ ಜಗಳ ನಡೀತಿದೆ.